ಕಂಡುಬಂದ ಸಂಗತಿಗಳು

ವಿಚಾರಣೆ ಇದ್ದದ್ದು ನಾಲ್ಕು ಗಂಟೆಗೆ. ಚಿಕ್ಕವ ಹನ್ನೊಂದಕ್ಕೇ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ಶೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ಕುಳಿತುಬಿಟ್ಟಿದ್ದ. ಕುಳಿತಿದ್ದ ಎನ್ನುವುದೂ ಸುಳ್ಳೇ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಒಮ್ಮೆ ಎದ್ದು ಅಂಟಿನ ಡಬ್ಬಿಯ ಮುಚ್ಚಳ ಬಿಗಿ ಮಾಡಿದ, ಇನ್ನೊಮ್ಮೆ ಎದ್ದು ಬಿಗಿಯಾಗಿದ್ದುದನ್ನೇ ಮತ್ತೆ ಬಿಗಿ ಮಾಡಿದ. ಎದುರಿಗೆ ಯಾರದೋ ದೋಣಿಯೊಂದು ಬೋರಲಾಗಿ ಮಲಗಿತ್ತು. ಎಲ್ಲಿಯವರೆಗೆ ಉಜ್ಜಿಯಾಗಿದೆ ಎಂದು ಅಣ್ಣ ಅದರ ಹೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಗೆರೆ ಎಳೆದವನು ಹೋಗಿ ಆರು ದಿನವಾಗಿತ್ತು.

ಬಂದರಿನಲ್ಲಿ ಈ ಅಣ್ಣತಮ್ಮಂದಿರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ದೊಡ್ಡವ, ಚಿಕ್ಕವ, ಅಷ್ಟೇ. ಕೆಳಗೆ ದೋಣಿ ರಿಪೇರಿಯ ಶೆಡ್ಡು, ಮೇಲೆ ಮೂರು ಕೋಣೆಯ ಮನೆ. ಮನೆಯಲ್ಲಿ ದೊಡ್ಡವ, ಅವನ ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಮದುವೆಯ ಮಾತೆತ್ತಿದರೆ ಸಾಕು ಮೆಟ್ಟಿಲಿಳಿದು ಹೋಗುತ್ತಿದ್ದ ಈ ಚಿಕ್ಕವ. ತಾಯಿ ತೀರಿಕೊಂಡಾಗ ಅವನಿಗೆ ಹನ್ನೆರಡು. ಮರುವರ್ಷ ಅತ್ತಿಗೆ ಬಂದಳು. ಅಂದಿನಿಂದ ಅವಳ ಕೈಯಲ್ಲಿ ಬಡಿಸಿಕೊಳ್ಳದೆ ಅವನು ಉಂಡ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಲೋಕದಲ್ಲಿ ಅವನಿಗೆಂದು ಇದ್ದ ಜಾಗ ಆ ಮನೆಯ ಊಟದ ಮೇಜಿನಲ್ಲಿ ಕಿಟಕಿ ಕಡೆಯ ಕುರ್ಚಿ ಒಂದೇ. ಇವತ್ತಿನ ವಿಚಾರಣೆ ಮುಗಿದ ಮೇಲೆ ಆ ಕುರ್ಚಿ ತನಗೆ ಇರುತ್ತದೋ ಇಲ್ಲವೋ ಎಂಬುದೇ ಅವನ ಚಿಂತೆ. ಪಂದ್ಯ, ಕಪ್ಪುಗಿಪ್ಪು ಎಲ್ಲ ಆಮೇಲಿನ ಮಾತು.

ಯಾಕೆಂದರೆ ಅವನು ಸುಳ್ಳು ಹೇಳಿದ್ದ. ಅದೂ ಯಾರ ಹತ್ತಿರ? ಆ ದಿನ ದಡದಲ್ಲಿ, ಆಂಬುಲೆನ್ಸಿನ ಬಾಗಿಲು ಮುಚ್ಚುವ ಮೊದಲು, ಅತ್ತಿಗೆ ಅವನ ತೋಳು ಹಿಡಿದು ಕೇಳಿದ್ದು ಒಂದೇ ಮಾತು. ನೀನು ಪಕ್ಕದಲ್ಲೇ ಹೋದೆಯಂತಲ್ಲ, ಆಗ ಅವರು ಹೇಗಿದ್ದರು? ಚೆನ್ನಾಗಿದ್ದೀನಿ ಅಂತ ಸನ್ನೆ ಮಾಡಿದ, ಅತ್ತಿಗೆ, ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹೊತ್ತಿಗೆ ಅಣ್ಣ ಬದುಕುತ್ತಾನೆಂದೇ ಅವನು ನಂಬಿದ್ದ. ಬದುಕಿದ್ದರೆ ಅಣ್ಣನೇ ಬೈದು, ನಾಲ್ಕು ಬಿಟ್ಟು, ಆ ಸುಳ್ಳನ್ನು ಅಲ್ಲಿಗೇ ಮುಗಿಸುತ್ತಿದ್ದ. ಬೆಳಗಾಗುವಷ್ಟರಲ್ಲಿ ಅಣ್ಣ ಇಲ್ಲ, ಸುಳ್ಳು ಮಾತ್ರ ಉಳಿದುಕೊಂಡಿತು.

ಈ ಸನ್ನೆಯ ವಿಷಯ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಬೇರೆಲ್ಲ ಕಡೆ ತಲೆ ಮೇಲೆ ಕೈ ಹೊತ್ತು ಕೂತವನನ್ನು ಕಂಡರೆ ಏನಪ್ಪಾ ಮುಳುಗಿಹೋಯಿತು ಎಂದು ಕೇಳುತ್ತೇವೆ. ಹಾಯಿದೋಣಿ ಪಂದ್ಯದವರದು ತಿರುಗಾಮುರುಗ. ಒಬ್ಬನೇ ಕೂತು ನಡೆಸುವ ಸಣ್ಣ ದೋಣಿಗಳು, ಗಾಳಿ ಜೋರಾದರೆ ಮಗುಚುವುದು ದಿನಬೆಳಗಾದರೆ ಇದ್ದದ್ದೇ. ಮಗುಚಿಕೊಂಡವನು ನೀರಿನಿಂದ ತಲೆ ಎತ್ತಿ, ಹಾದುಹೋಗುವ ದೋಣಿಯ ಕಡೆ ಮುಖ ಮಾಡಿ, ಅಂಗೈಯಿಂದ ನೆತ್ತಿಯನ್ನು ಮೂರು ಸಲ ತಟ್ಟಿಕೊಂಡರೆ ನನಗೇನೂ ಆಗಿಲ್ಲ, ನೀನು ನಡೆ ಎಂದು ಅರ್ಥ. ತಟ್ಟಿಕೊಳ್ಳದಿದ್ದರೆ ನಿಲ್ಲಬೇಕು. ಪಂದ್ಯದ ನಿಯಮಪುಸ್ತಕ ತೆರೆದರೆ ಮೊದಲು ಕಾಣುವುದೇ ಅದು. ಯಾರು ಯಾರಿಗೆ ದಾರಿ ಬಿಡಬೇಕು, ಯಾವ ಮಗ್ಗುಲಿನ ಗಾಳಿಗೆ ಯಾವ ಹಕ್ಕು ಎಂಬ ಕೂದಲು ಸೀಳುವ ಕೆಲಸವೆಲ್ಲ ಅದರ ನಂತರದ ಪುಟಗಳಲ್ಲಿ. ಅಪಾಯದಲ್ಲಿ ಇರುವವನಿಗೆ ಕೈಲಾದ ಸಹಾಯವನ್ನೆಲ್ಲ ಮಾಡತಕ್ಕದ್ದು. ಗೆಲ್ಲುತ್ತಿದ್ದರೂ ಅಷ್ಟೇ, ಸೋಲುತ್ತಿದ್ದರೂ ಅಷ್ಟೇ. ಮೂರು ಸಲವೇ ತಟ್ಟಬೇಕು, ಮುಖ ಇತ್ತ ಕಡೆಯೇ ಇರಬೇಕು ಎಂದು ಕ್ಲಬ್ಬಿನ ಹಲಗೆಯ ಮೇಲೆ ಬರೆಸಿದವನು ದೊಡ್ಡವ. ಹದಿಮೂರು ವರ್ಷದ ತಮ್ಮನನ್ನು ನೀರಿಗೆ ಕೆಡವಿ ಕೆಡವಿ ಅದನ್ನು ಕಲಿಸಿದವನೂ ಅವನೇ.

ಕಳೆದ ಭಾನುವಾರದ್ದು ಆ ವರ್ಷದ ಕೊನೆಯ ಪಂದ್ಯ. ನಾಲ್ಕು ವರ್ಷದಿಂದ ಕಪ್ ದೊಡ್ಡವನದು, ಎರಡನೆಯ ಸ್ಥಾನ ಚಿಕ್ಕವನದು. ಬೆನ್ನಿಗೆ ಬಿದ್ದ ತಮ್ಮ ಬೆನ್ನ ಹಿಂದೆಯೇ ಉಳಿದ ಎಂದು ಜನ ನಗೆಯಾಡುತ್ತಿದ್ದರು. ಚಿಕ್ಕವನೂ ಜೊತೆಗೆ ನಗುತ್ತಿದ್ದ. ಆ ನಗು ಎಷ್ಟು ಚುಚ್ಚುತ್ತಿತ್ತೆಂದು ಅವನಿಗೇ ಗೊತ್ತು. ಈ ವರ್ಷ ಇಬ್ಬರ ಅಂಕವೂ ಸಮಸಮ. ಕೊನೆಯ ಪಂದ್ಯದಲ್ಲಿ ಯಾರು ಮುಂದೆ ಬಂದರೆ ಕಪ್ ಅವರಿಗೆ.

ದೊಡ್ಡವ ಮುಂದಿದ್ದ. ಇಪ್ಪತ್ತು ಮಾರು ಹಿಂದೆ ಚಿಕ್ಕವ. ಅವನ ಹಿಂದೆ, ಸುಮಾರು ಎರಡು ಮೂರು ನಿಮಿಷದ ದೂರದಲ್ಲಿ, ಬಂದರಿನಲ್ಲಿ ಬೇಕರಿ ನಡೆಸುವವಳು, ಎಲ್ಲರ ಬಾಯಲ್ಲಿ ಬೇಕರಿ ಅಕ್ಕ. ಉಳಿದವರು ಎಲ್ಲೋ ದೂರ. ಮೂರನೆಯ ಮಾರ್ಕಿನ ಹತ್ತಿರ, ಎಂದರೆ ಸುತ್ತಿ ಬರಬೇಕಾದ ಕಿತ್ತಳೆ ಬಣ್ಣದ ತೇಲುಗುಂಡಿನ ಹತ್ತಿರ, ದೊಡ್ಡವ ಗಾಳಿಗೆ ಬೆನ್ನು ಕೊಟ್ಟು ದೋಣಿ ತಿರುಗಿಸಿದ. ಹಾಗೆ ತಿರುಗಿಸುವಾಗ ಹಾಯಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬೀಸಿ ಬರುತ್ತದೆ. ಅದರ ಅಡಿಗೆ ಕಟ್ಟಿದ ಲೋಹದ ಕೊಳವೆಗೆ ತಲೆ ಸಿಕ್ಕದಂತೆ ಬಗ್ಗಬೇಕು. ಸಾವಿರ ಸಲ ಬಗ್ಗಿದವನು ಅವನು. ಆವತ್ತು ಗಾಳಿ ಅರೆಗಳಿಗೆ ಮುಂಚೆ ಬಂತು.

ಚಿಕ್ಕವ ಮಗುಚಿದ ದೋಣಿಯ ಪಕ್ಕಕ್ಕೆ ಬರುವಾಗ ನಡುವೆ ಮೂರು ದೋಣಿಯುದ್ದದ ನೀರಿತ್ತು. ಅಣ್ಣನ ಒಂದು ಕೈ ದೋಣಿಯ ಅಂಚಿನಲ್ಲಿ, ಇನ್ನೊಂದು ಕೈ ತಲೆಯ ಮೇಲೆ. ಕೈ ತಟ್ಟಲಿಲ್ಲ. ಅಲ್ಲೇ ಒತ್ತಿ ಹಿಡಿದಿತ್ತು. ಬೆರಳ ಸಂದಿನಿಂದ ಕೆಂಪು ಇಳಿಯುತ್ತಿತ್ತು. ಒಂದು ಕ್ಷಣ ಇಬ್ಬರ ಕಣ್ಣೂ ಸೇರಿದವು, ಆಮೇಲೆ ಅಣ್ಣನ ಮುಖ ಮೆಲ್ಲಗೆ ಆಚೆ ತಿರುಗಿತು. ಎಲ್ಲ ಸೇರಿ ಐದು ಎಣಿಸುವಷ್ಟು ಹೊತ್ತು. ಅಷ್ಟರಲ್ಲಿ ಚಿಕ್ಕವನ ತಲೆಯಲ್ಲಿ ಬಂದುಹೋದದ್ದು ಎರಡೇ ಮಾತು. ಏನೋ ಆಗಿದೆ. ಹಿಂದೆ ಬೇಕರಿ ಅಕ್ಕ ಬರುತ್ತಿದ್ದಾಳೆ. ಚುಕ್ಕಾಣಿಯನ್ನು ಅವನು ತಿರುಗಿಸಲಿಲ್ಲ.

ಬೇಕರಿ ಅಕ್ಕ ಬಂದಳು, ನಿಂತಳು, ನೀರಿಗೆ ಹಾರಿ ದೊಡ್ಡವನ ತಲೆಯನ್ನು ಮೇಲೆತ್ತಿ ಹಿಡಿದಳು. ಕ್ಲಬ್ಬಿನ ಮೋಟಾರು ದೋಣಿ ಕೊಲ್ಲಿಯ ಆಚೆ ತುದಿಯಲ್ಲಿ ಇನ್ಯಾರನ್ನೋ ಎತ್ತುತ್ತಿತ್ತು, ಅದು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಚಿಕ್ಕವ ಅಷ್ಟರಲ್ಲಿ ಗೆಲುವಿನ ಗೆರೆ ದಾಟಿದ್ದ. ಜೀವನದಲ್ಲಿ ಮೊದಲ ಸಲ ಕಪ್ಪಿನ ಲೆಕ್ಕದಲ್ಲಿ ಅಣ್ಣನಿಗಿಂತ ಮುಂದೆ. ತಲೆಯೊಳಗೆ ರಕ್ತ ತುಂಬಿತ್ತು, ಮೂರು ನಿಮಿಷ ಮುಂಚೆ ಯಾರಾದರೂ ಮುಟ್ಟಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಎಂದು ಹೇಳಲಾರೆ ಎಂದರು ಡಾಕ್ಟರು. ಉಳಿಯುತ್ತಿರಲಿಲ್ಲ ಎಂದಾದರೂ ಅನ್ನಬಾರದಿತ್ತೇ ಆ ಪುಣ್ಯಾತ್ಮ!

ಬೇಕರಿ ಅಕ್ಕ ಅದೇ ಒದ್ದೆ ಬಟ್ಟೆಯಲ್ಲಿ ಕ್ಲಬ್ಬಿಗೆ ಬಂದು ತಕರಾರು ಅರ್ಜಿ ಬರೆದುಕೊಟ್ಟಿದ್ದಳು. ಏಳನೇ ನಂಬರಿನ ದೋಣಿ, ಅಪಾಯದಲ್ಲಿದ್ದವನನ್ನು ಕಂಡೂ ನಿಲ್ಲಲಿಲ್ಲ. ಏಳು ಚಿಕ್ಕವನ ದೋಣಿ.

ಮೂರೂವರೆಗೆ ಅತ್ತಿಗೆ ಮೆಟ್ಟಿಲಿಳಿದು ಬಂದಳು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದಳು. ನಾನೂ ಬರ್ತೀನಿ ಎಂದಳು. ಅವನು ಶೆಡ್ಡಿನ ಬಾಗಿಲು ಎಳೆದುಕೊಂಡ. ಇಬ್ಬರೂ ಬಂದರಿನ ಗೋಡೆಗುಂಟ ನಡೆದರು. ಈ ಆರು ದಿನವೂ ಅವಳು ಹೊತ್ತುಹೊತ್ತಿಗೆ ಬಡಿಸಿದ್ದಳು, ಸಾಕೇ, ಇನ್ನೊಂದಿಷ್ಟು ಹಾಕಲೇ ಎಂದು ಕೇಳಿದ್ದಳು, ಬೇರೆ ಮಾತಿಲ್ಲ. ದುಃಖದಲ್ಲಿರುವವಳು ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ತಕರಾರು ಕೇಳುವ ಮೂವರಲ್ಲಿ ಔಷಧಿ ಅಂಗಡಿಯವನೂ ಈಜು ಕಲಿಸುವವಳೂ ತಲೆದೂಗುವುದಕ್ಕಷ್ಟೇ ಇದ್ದವರು. ನಡೆಸುವವನು ಮೂರನೆಯವನು. ನಿವೃತ್ತ ಸರ್ವೇಯರ್, ಬಂದರಿನವರು ಇಟ್ಟ ಹೆಸರು ಅಲ್ಪವಿರಾಮ. ಒಂದು ವರ್ಷ ಪಂದ್ಯದ ಸೂಚನೆಯಲ್ಲಿ ಒಂದು ಅಲ್ಪವಿರಾಮ ಜಾಗ ತಪ್ಪಿ ಬಿದ್ದಿದೆಯೆಂದು ಇಡೀ ಪಂದ್ಯವನ್ನೇ ಇನ್ನೊಮ್ಮೆ ಆಡಿಸಿದ ಮಹಾನುಭಾವ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮೊದಲು ಏನು ನಡೆಯಿತು, ಆಮೇಲೆ ಯಾವ ನಿಯಮ, ಕೊನೆಗೆ ತೀರ್ಪು. ನೋಡಿದ್ದು ಹೇಳು, ಅಂದುಕೊಂಡದ್ದು ನನಗೆ ಬೇಡ ಎನ್ನುವುದು ಅವನ ಪಲ್ಲವಿ.

ಕ್ಲಬ್ಬಿನ ಮಾಳಿಗೆಯ ಕೋಣೆ. ಗೋಡೆಗೆ ಒರಗಿಸಿದ ಹಾಯಿಯ ಚೀಲಗಳು, ಹಸಿರು ಬಟ್ಟೆ ಹಾಸಿದ ಉದ್ದ ಮೇಜು, ಮೇಜಿನ ಮೇಲೆ ಬೆರಳುದ್ದದ ಮರದ ದೋಣಿಗಳು. ಗಾಳಿ ಎತ್ತ ಕಡೆಯಿಂದ ಎಂದು ತೋರಿಸಲು ಒಂದು ಸ್ಕೇಲು. ಅತ್ತಿಗೆ ಬಾಗಿಲಲ್ಲಿ ನಿಂತದ್ದನ್ನು ಕಂಡು ಅಲ್ಪವಿರಾಮ ಕನ್ನಡಕ ಏರಿಸಿ ಪುಸ್ತಕ ತಿರುವಿಹಾಕಿದ. ಸತ್ತವನ ಹೆಂಡತಿ ಕೂರಬಹುದು ಎಂದೂ ಅದರಲ್ಲಿಲ್ಲ, ಕೂರಬಾರದು ಎಂದೂ ಇಲ್ಲ. ಕೂತ್ಕೊಳ್ಳಮ್ಮ, ಆದರೆ ನಡುವೆ ಮಾತಾಡೋ ಹಾಗಿಲ್ಲ ಎಂದ. ಅವಳು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತಳು.

ಮೊದಲು ಬೇಕರಿ ಅಕ್ಕ. ಮೂವತ್ತು ವರ್ಷ ಒಲೆಯ ಮುಂದೆ ಬೆಂದ ತೋಳುಗಳು ಅವಳವು, ಮಾತೂ ಅಷ್ಟೇ ಗಟ್ಟಿ. ತಕರಾರು ಮಾಡುವವರು ಆ ಕ್ಷಣವೇ ಕೆಂಪು ಬಾವುಟ ಹಾರಿಸಬೇಕೆಂಬ ನಿಯಮವಿದೆ, ಅದನ್ನು ಕೇಳದೆ ಮುಂದೆ ಹೋಗುವ ಜಾಯಮಾನ ಅಲ್ಪವಿರಾಮನದಲ್ಲ. ಯಾಕೆ ಹಾರಿಸಲಿಲ್ಲ ಎಂದು ಕೇಳಿದ.

"ನನ್ನ ಎರಡೂ ಕೈಲಿ ಅವರ ತಲೆ ಇತ್ತು ಸಾರ್," ಎಂದಳು ಅವಳು.

ಔಷಧಿ ಅಂಗಡಿಯವನು ತಲೆ ತಗ್ಗಿಸಿದ. ಅಪಾಯ ಎದ್ದು ಕಾಣುತ್ತಿರುವಾಗ ಬಾವುಟ ಬೇಕಿಲ್ಲ ಎಂದು ಅಲ್ಪವಿರಾಮ ಬರೆದುಕೊಂಡ. ತಾನು ತಲುಪಿದಾಗ ಕೈ ತಲೆಯ ಮೇಲೇ ಇತ್ತು, ಅಲುಗಾಡುತ್ತಿರಲಿಲ್ಲ, ರಕ್ತ ಹರಿಯುತ್ತಿತ್ತು ಎಂದು ಅಕ್ಕ ಹೇಳಿದಳು. ಆಗ ಪ್ರಜ್ಞೆ ಇತ್ತೇ ಎಂಬುದಕ್ಕೆ, ಸ್ವಲ್ಪ ಹೊತ್ತು ಇತ್ತು ಎಂದು ಕಿಟಕಿಯ ಕಡೆ ಒಮ್ಮೆ ನೋಡಿದಳು. ನೀವು ತಲುಪಿದ ಮೇಲೆ ನಡೆದದ್ದು ಈ ತಕರಾರಿಗೆ ಸೇರಿದ್ದಲ್ಲ ಎಂದು ಅಲ್ಪವಿರಾಮ ಅಲ್ಲಿಗೇ ತಡೆದ. ಏಳನೇ ದೋಣಿ ಹಾದುಹೋದ ಆ ಐದು ಸೆಕೆಂಡು ಮಾತ್ರ ಅವನಿಗೆ ಬೇಕಾದದ್ದು. ಅಂದಹಾಗೆ ನಿಂತು ಸಹಾಯ ಮಾಡಿದ್ದಕ್ಕೆ ನಿಮಗೆ ಕಳೆದುಹೋದ ಸ್ಥಾನ ಕೇಳುವ ಹಕ್ಕಿದೆ ಎಂದೂ ಹೇಳಿದ. ಬೇಡ ಸಾರ್ ಎಂದಳು.

ಆಮೇಲೆ ಚಿಕ್ಕವ. ಮರದ ದೋಣಿಗಳನ್ನು ಇಟ್ಟು ತೋರಿಸು ಎಂದರು. ಅಣ್ಣನ ದೋಣಿಯನ್ನು ಅಡ್ಡಡ್ಡ ಮಲಗಿಸಿದ, ತನ್ನದನ್ನು ಮೂರು ಬೆರಳು ದೂರದಲ್ಲಿ ಇಟ್ಟ. ಮೊಣಕೈ ತಗಲಿ ಸ್ಕೇಲು ಕೆಳಗೆ ಬಿತ್ತು, ಎತ್ತಿಕೊಂಡ. ನೀರಿನಲ್ಲಿದ್ದವನನ್ನು ಕಂಡೆಯಾ? ಕಂಡೆ. ಏನು ಕಂಡೆ?

ಇಲ್ಲೇ ಹೇಳಿಬಿಡಬಹುದಿತ್ತು. ಬಾಯಿ ತನಕ ಬಂದಿತ್ತು ಕೂಡ. ಹಿಂದಿನಿಂದ ಅತ್ತಿಗೆಯ ಉಸಿರು ಕೇಳಿಸಿತು, ಅಥವಾ ಕೇಳಿಸಿದಂತಾಯಿತು. ಕಿಟಕಿ ಕಡೆಯ ಕುರ್ಚಿ ಕಣ್ಣ ಮುಂದೆ ಬಂತು. ತಲೆ ಮೇಲೆ ಕೈ ಇಟ್ಟು ಸನ್ನೆ ಮಾಡಿದ ಎಂದ.

"ಹೇಗೆ ಮಾಡಿದ, ಮಾಡಿ ತೋರಿಸು," ಎಂದ ಅಲ್ಪವಿರಾಮ.

ಚಿಕ್ಕವ ಬಲಗೈ ಎತ್ತಿ, ಅಂಗೈ ಅಗಲಿಸಿ, ತನ್ನ ನೆತ್ತಿಯನ್ನು ತಟ್ಟಿಕೊಂಡ. ಒಂದು. ಎರಡು. ಮೂರು. ಆ ಸಣ್ಣ ಕೋಣೆಯಲ್ಲಿ ಆ ಸದ್ದು ಎಲ್ಲರಿಗೂ ಕೇಳಿಸಿತು. ಸತ್ತವನು ಮಾಡದೇ ಇದ್ದದ್ದನ್ನು ಅವನ ಹೆಂಡತಿಯ ಎದುರಿಗೆ ಮಾಡಿ ತೋರಿಸಿದ ಆ ಕೈಯನ್ನು ಆಮೇಲೆ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಮೇಜಿನ ಕೆಳಗೆ ಇಳಿಸಿಕೊಂಡ. ಥೂ, ಅವನ ಜನ್ಮಕ್ಕಿಷ್ಟು.

ಎದುರು ಪಕ್ಷದವರು ಪ್ರಶ್ನೆ ಕೇಳಬಹುದು ಎಂದು ಪುಸ್ತಕದಲ್ಲಿದೆ. ಬೇಕರಿ ಅಕ್ಕ ಒಂದೇ ಕೇಳಿದಳು. ಮುಖ ನಿನ್ನ ಕಡೆ ಇತ್ತಾ? ಇತ್ತು ಎಂದ. ಅಕ್ಕ ಅವನನ್ನೇ ನೋಡುತ್ತಾ ಕುಳಿತಳು. ಕೊನೆಗೆ ಅಲ್ಪವಿರಾಮ, ಪೆನ್ನಿನ ತುದಿಯಿಂದ ಮಲಗಿದ ದೋಣಿಯನ್ನು ಮುಟ್ಟಿ, ಅವನು ನಿನ್ನನ್ನು ಕೂಗಿ ಕರೆದನೇ ಎಂದು ಕೇಳಿದ.

"ಇಲ್ಲ ಸಾರ್. ಕರೀಲಿಲ್ಲ."

ಆ ವಿಚಾರಣೆಯಲ್ಲಿ ಸನ್ನೆಯ ಮಾತು ಬಂದ ಮೇಲೆ ಅವನು ಆಡಿದ ನಿಜ ಅದೊಂದೇ.

ಎಲ್ಲರನ್ನೂ ಹೊರಗೆ ಕಳಿಸಿ ಕಾಲು ಗಂಟೆ ಬಾಗಿಲು ಹಾಕಿಕೊಂಡರು. ಮತ್ತೆ ಒಳಗೆ ಕರೆದು ಅಲ್ಪವಿರಾಮ ಓದಿದ. ಕಂಡುಬಂದ ಸಂಗತಿಗಳು. ನೀರಿನಲ್ಲಿದ್ದಾತ ಏಳನೇ ದೋಣಿಯ ಕಡೆ ಮುಖ ಮಾಡಿ ಕ್ಷೇ‌ಮದ ಸನ್ನೆ ಮಾಡಿದ. ಸಹಾಯಕ್ಕೆ ಕೂಗಿ ಕರೆಯಲಿಲ್ಲ. ಆತ ಅಪಾಯದಲ್ಲಿದ್ದಾನೆಂದು ತಿಳಿಯಲು ಏಳನೇ ದೋಣಿಗೆ ಕಾರಣವಿರಲಿಲ್ಲ. ಆದ್ದರಿಂದ ನಿಯಮ ಮುರಿದಿಲ್ಲ, ತಕರಾರು ವಜಾ. ಹೊಸ ಸಾಕ್ಷ್ಯ ಏನಾದರೂ ಇದ್ದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ತಂದರೆ ಮತ್ತೆ ಕೇಳಬಹುದು, ಇಲ್ಲವಾದರೆ ಇದೇ ಕೊನೆ. ಹೇಳಿ ಹಾಳೆಗೆ ರುಜು ಹಾಕಿದ. ಅಲ್ಲಿಗೆ ಪಂದ್ಯ ಚಿಕ್ಕವನದು, ಕಪ್ಪೂ ಅವನದು. ಔಷಧಿ ಅಂಗಡಿಯವನು ಎದ್ದು ಬಂದು ಅವನ ಬೆನ್ನು ತಟ್ಟಿದ. ನಿನ್ನ ತಪ್ಪಿಲ್ಲ ಬಿಡು ಎಂದ.

ಹೊರಗಿನ ಮೆಟ್ಟಿಲ ಹತ್ತಿರ ಅತ್ತಿಗೆ ನಿಂತಿದ್ದಳು. ಚಿಕ್ಕವನ ಕಾಲಿಗೆ ಈಗ ಎಲ್ಲಿಲ್ಲದ ಬಲ ಬಂದಿತ್ತು. ಮುಗಿಯಿತಲ್ಲ, ಮನೆಗೆ ಹೋಗೋಣ ಎಂದ. ಅವಳು ಕೈಗಂಬಿ ಹಿಡಿದುಕೊಂಡೇ ಮಾತಾಡಿದಳು. ದನಿ ಏರಲಿಲ್ಲ.

"ನಿಮ್ಮಣ್ಣ ಅಕ್ಕನ ಕೈಲಿದ್ದಾಗ ಒಂದು ಮಾತು ಆಡಿದ್ರಂತೆ. ಅವಳು ಅವತ್ತು ರಾತ್ರಿನೇ ಆಸ್ಪತ್ರೇಲಿ ನನಗೆ ಹೇಳಿದ್ಲು. ಚಿಕ್ಕವ ನೋಡಿದಾನೆ, ತಿರುಗಿಸ್ಕೊಂಡು ಬರ್ತಾನೆ ಅಂತ. ಎರಡು ಸಲ ಹೇಳಿದ್ರಂತೆ."

ಬರ್ತಾನೆ ಎಂದವನು ಯಾರಾದರೂ ನನಗೇನೂ ಆಗಿಲ್ಲ ಹೋಗು ಎಂದು ಸನ್ನೆ ಮಾಡುತ್ತಾನೆಯೇ? ಚಿಕ್ಕ ಮಗುವಿಗೂ ತಿಳಿಯುವ ಲೆಕ್ಕ. ಆ ಲೆಕ್ಕವನ್ನು ಇವಳು ಆರು ದಿನದ ಹಿಂದೆಯೇ ಮಾಡಿ ಮುಗಿಸಿದ್ದಳು. ಮುಗಿಸಿಕೊಂಡೇ ಅವನಿಗೆ ಬಡಿಸಿದ್ದಳು.

"ಒಳಗಡೆ ಅದನ್ನ ಹೇಳ್ಬೇಡ ಅಂತ ಅಕ್ಕನಿಗೆ ನಾನೇ ಕೇಳ್ಕೊಂಡಿದ್ದೆ. ನೀನೇ ಹೇಳ್ತೀಯ ಅಂದ್ಕೊಂಡಿದ್ದೆ. ಅಲ್ಲಿ ಹೇಳದಿದ್ರೂ ಮನೇಲಿ ನನ್ನ ಹತ್ರ ಹೇಳ್ತೀಯ ಅಂತ ದಿನಾ ಕಾದೆ."

ಅವನು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಅದಕ್ಕೂ ಮುಖ ಬೇಕು. ಒಳಗೆ ಹೋಗಿ ಹೇಳಲೇ ಅತ್ತಿಗೆ ಎಂದು ಕೇಳಿದ. ನನ್ನ ಕೇಳಬೇಡ ಎಂದಳು.

ಅಲ್ಪವಿರಾಮ ಮರದ ದೋಣಿಗಳನ್ನು ಡಬ್ಬಿಗೆ ತುಂಬುತ್ತಿದ್ದ. ಬಾಗಿಲಲ್ಲಿ ಚಿಕ್ಕವನನ್ನು ಕಂಡು, ಏನಾದರೂ ಬಿಟ್ಟುಹೋದೆಯಾ ಎಂದು ಕೇಳಿದ. ಹೊಸ ಸಾಕ್ಷ್ಯ ಇದೆ ಎಂದ ಚಿಕ್ಕವ. ಯಾರದು? ನನ್ನದೇ.

ಅಲ್ಪವಿರಾಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು. ಮೆಟ್ಟಿಲಿಳಿಯುತ್ತಿದ್ದ ಉಳಿದಿಬ್ಬರನ್ನೂ ಬೇಕರಿ ಅಕ್ಕನನ್ನೂ ಕೂಗಿ ವಾಪಸು ಕರೆಸಿದ, ಡಬ್ಬಿಯಿಂದ ದೋಣಿಗಳನ್ನು ತೆಗೆದು ಮತ್ತೆ ಹಸಿರು ಬಟ್ಟೆಯ ಮೇಲೆ ಜೋಡಿಸಿದ, ಹೊಸ ಹಾಳೆ ಇಟ್ಟುಕೊಂಡ. ಅತ್ತಿಗೆ ಅದೇ ಬೆಂಚಿಗೆ ಬಂದು ಕುಳಿತಳು. ಎಲ್ಲ ಮೊದಲಿಂದ. ಎಷ್ಟು ದೂರ? ಮೂರು ದೋಣಿಯುದ್ದ. ಕೈ ಎಲ್ಲಿತ್ತು? ತಲೆ ಮೇಲೆ. ತಟ್ಟಿತೇ? ಇಲ್ಲ, ಒತ್ತಿ ಹಿಡಿದಿತ್ತು. ರಕ್ತ? ಇತ್ತು. ಮುಖ? ಮೊದಲು ನನ್ನ ಕಡೆ, ಆಮೇಲೆ ಆಚೆಗೆ. ಹೇಳುತ್ತಾ ಹೇಳುತ್ತಾ ಅವನ ಎದೆ ಒಡೆದುಕೊಂಡು ಬಂತು.

"ಈ ಸಲ ನಾನು ಗೆಲ್ಲಬಹುದು ಅಂತ ಸಾರ್, ಬರೀ ಒಂದು ಸಲ, ಅಕ್ಕ ಹಿಂದೆ ಬರ್ತಾ ಇದ್ದಾರಲ್ಲ ಅಂತ..."

"ಅದು ಬೇಡ," ಎಂದ ಅಲ್ಪವಿರಾಮ. "ಅಂದುಕೊಂಡದ್ದು ಬೇಡ."

ಹೀಗೆ, ಯಾಕೆ ಮಾಡಿದೆ ಎಂದು ಹೇಳಿಕೊಳ್ಳುವುದಕ್ಕೂ ಅವನಿಗೆ ಜಾಗ ಸಿಗಲಿಲ್ಲ. ಹಾಳೆಯ ಮೇಲೆ ಉಳಿದದ್ದು ನಾಲ್ಕೇ ಸಾಲು. ಏಳನೇ ದೋಣಿ ಗಾಯಗೊಂಡವನನ್ನು ಕಂಡಿತು. ನಿಲ್ಲಲಿಲ್ಲ. ನಿಯಮ ಮುರಿದಿದೆ. ಅನರ್ಹ. ಮೊದಲ ವಿಚಾರಣೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಬೇರೆ ವರದಿ ಮೇಲಿನವರಿಗೆ ಹೋಗುತ್ತದೆ, ಅವರು ವರ್ಷಗಟ್ಟಲೆ ನಿನ್ನನ್ನು ದೋಣಿ ಹತ್ತಿಸದೆ ಇರಬಹುದು ಎಂದೂ ತಿಳಿಸಿದ. ಆಮೇಲೆ ರೂಢಿಯಂತೆ ವರ್ಷದ ಅಂಕಗಳನ್ನು ಕೂಡಿದ. ಅನರ್ಹನಾದವನಿಗೂ ಗೆರೆ ಮುಟ್ಟದವನಿಗೂ ಆ ಪಂದ್ಯದಲ್ಲಿ ಒಂದೇ ಅಂಕ, ಹಾಗಾಗಿ ಅಣ್ಣತಮ್ಮಂದಿರು ಮತ್ತೆ ಸಮಸಮ. ಸಮವಾದರೆ ಹೆಚ್ಚು ಸಲ ಮೊದಲು ಬಂದವನಿಗೆ ಕಪ್. ಅದು ದೊಡ್ಡವ. ಸುಳ್ಳು ಹೇಳಿದ್ದರೂ ನಿಜ ಹೇಳಿದ್ದರೂ ಆ ಹಾಳಾದ ಕಪ್ ಸೇರುತ್ತಿದ್ದದ್ದು ಅದೇ ಮನೆಯ ಅದೇ ಗೂಡಿಗೆ. ಯಾರು ಬಂದು ತೆಗೆದುಕೊಳ್ಳುತ್ತೀರಿ ಎಂದು ಅಲ್ಪವಿರಾಮ ಕೇಳಿದ. ಕೊನೆಗೆ ಪಡೆದವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಪೆನ್ನು ಮುಚ್ಚಿದ.

ಮನೆಯ ದಾರಿಯಲ್ಲಿ ಅತ್ತಿಗೆ ನಾಲ್ಕು ಹೆಜ್ಜೆ ಮುಂದೆ, ಅವನು ಹಿಂದೆ. ಶೆಡ್ಡಿನ ಬಾಗಿಲಿಗೆ ಬಂದಾಗ ಅವಳು ತಿರುಗಿ, ನಾಳೆಯಿಂದ ನಿನ್ನ ಊಟ ಕೆಳಗೇ ಕಳಿಸ್ತೀನಿ ಎಂದಳು. ಅಷ್ಟೇ. ಶಾಪವಿಲ್ಲ, ಬೈಗುಳವಿಲ್ಲ. ಮೇಲೆ ಹೋಗಿ ಅವನ ಹಾಸಿಗೆ, ಬಟ್ಟೆಯ ಪೆಟ್ಟಿಗೆ ಎರಡನ್ನೂ ಮೆಟ್ಟಿಲ ನಡುವಿಗೆ ತಂದಿಟ್ಟಳು. ಅವನು ಅಲ್ಲಿಂದ ಇಳಿಸಿಕೊಂಡ.

ಮರುದಿನ ಮಧ್ಯಾಹ್ನ ಊಟದ ತಟ್ಟೆ ಹಿಡಿದು ಇಳಿದು ಬಂದವಳು ಅಣ್ಣನ ಮಗಳು. ತುಳುಕದ ಹಾಗೆ ಒಂದೊಂದೇ ಮೆಟ್ಟಿಲು ಇಳಿದು, ಕೆಲಸದ ಮೇಜಿನ ಮೇಲೆ ಉಜ್ಜುಕಾಗದ ಸರಿಸಿ ಜಾಗ ಮಾಡಿ ತಟ್ಟೆ ಇಟ್ಟಳು. ಹಾಗೆಯೇ ಹೋಗಲಿಲ್ಲ. ಸ್ಟೂಲಿನ ಕಾಲಿಗೆ ಕಾಲು ಒತ್ತಿಕೊಂಡು ನಿಂತಳು. ನೆಟ್ಟಗೆ ಅಪ್ಪನದೇ ಹುಬ್ಬು, ಏನಾದರೂ ತಲೆಗೆ ಹೊಕ್ಕರೆ ಬಿಡುವ ಜಾತಿಯಲ್ಲ. ಪಕ್ಕದ ಮನೆಯವರು ಮಾತಾಡಿಕೊಂಡಿದ್ದನ್ನು ಕೇಳಿಸಿಕೊಂಡು ಬಂದಿದ್ದಳು.

"ಚಿಕ್ಕಪ್ಪ, ಅಪ್ಪ ನಿನ್ನ ಕರೀಲೇ ಇಲ್ವಂತೆ, ಹೌದಾ?"

"ಹೌದು ಪುಟ್ಟಿ."

"ಕರೆದಿದ್ರೆ ನೀನು ನಿಲ್ತಿದ್ದೆ ಅಲ್ವಾ?"

ಅವನು ತಟ್ಟೆಯನ್ನು ನೋಡಿದ. ಹೂಂ ಎಂದರೆ ಮುಗಿಯುತ್ತಿತ್ತು. ಮಗು ಅದನ್ನೇ ಮೇಲಕ್ಕೆ ಒಯ್ದು ಅಮ್ಮನಿಗೆ ಹೇಳುತ್ತಿತ್ತು. ತಪ್ಪೆಲ್ಲ ಸತ್ತವನ ಬಾಯಿಯ ಮೇಲೆ ಹೋಗಿ ಕೂರುತ್ತಿತ್ತು, ಕೂಗಬಾರದಿತ್ತೇ ಎಂದು. ನಿನ್ನೆ ಹಸಿರು ಬಟ್ಟೆಯ ಮೇಜಿನಲ್ಲಿ ತನ್ನನ್ನು ಉಳಿಸಿದ ಆ ಒಂದೇ ನಿಜದ ಒಳಗೆ ಏನಿತ್ತು ಎಂದು ಅವನಿಗೆ ಈಗ ತಿಳಿಯಿತು.

"ನಾನು ನೋಡಿದ್ದು ಅಪ್ಪಂಗೆ ಗೊತ್ತಾಗಿತ್ತು," ಎಂದ. "ನೋಡಿದ ಮೇಲೆ ಬಂದೇ ಬರ್ತಾನೆ ಅಂತ ಕರೀಲಿಲ್ಲ."

ಹುಡುಗಿ ಸ್ಟೂಲಿನಿಂದ ಕಾಲು ತೆಗೆದಳು. ಆಮೇಲೆ ನೀರಿನ ಲೋಟ ತರುವುದನ್ನು ಮರೆತೆ ಎಂದು ಹೇಳಿ ಮೇಲೆ ಹೋದಳು. ಚಿಕ್ಕವ ಬಹಳ ಹೊತ್ತು ಕಾದ. ಲೋಟ ಬರಲಿಲ್ಲ.